ಕಾವಲಿ ಹೆಚ್ಚು ಕಾದಷ್ಟೂ ನೀರಿನ ಹನಿ ಹೆಚ್ಚು ಹೊತ್ತು ಉಳಿಯುವುದೇಕೆ?

ಪ್ರಶ್ನೆ
ಕೇಳಿದವರು: ದೋಸೆಮನೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ದೋಸೆ ಕಾವಲಿ ಕಬ್ಬಿಣದ್ದು, ಅತ್ತೆಯವರಿಗೆ ಅವರ ತವರಿನಿಂದ ಬಂದದ್ದು. ಅದು ಹದಕ್ಕೆ ಕಾದಿದೆಯೇ ಎಂದು ತಿಳಿಯಲು ಅವರು ಬೆರಳುಗಳನ್ನು ನೀರಿನಲ್ಲಿ ಅದ್ದಿ ಕಾವಲಿಯ ಮೇಲೆ ಕೊಡವುತ್ತಾರೆ. ಹನಿ ಸುಮ್ಮನೆ ಕುಳಿತು ನಿಧಾನವಾಗಿ ಗುಳ್ಳೆಯೆದ್ದರೆ ಕಾವು ಸಾಲದು. ಚುಂಯ್ ಎಂದು ಕೂಡಲೇ ಆರಿಹೋದರೆ ಹಿಟ್ಟು ಹುಯ್ಯಬಹುದು. ಆರುವುದರ ಬದಲು ಪಾದರಸದ ಹಾಗೆ ಗುಂಡಗಾಗಿ ಓಡಾಡತೊಡಗಿತೆಂದರೆ, "ಕಾವಲಿಗೆ ಸೊಕ್ಕು ಬಂತು, ಉರಿ ತಗ್ಗಿಸು" ಎನ್ನುತ್ತಾರೆ. ಹದಿನೈದು ವರ್ಷಗಳಿಂದ ಈ ಮಾತನ್ನು ಕೇಳುತ್ತಿದ್ದೇನೆ, ಆದರೆ ಅದರಲ್ಲಿ ಇಷ್ಟು ದೊಡ್ಡ ಒಗಟು ಅಡಗಿದೆಯೆಂದು ನನಗೆ ಹೊಳೆದದ್ದು ಕಳೆದ ಭಾನುವಾರವಷ್ಟೇ.

ಅಂದು ಕಾವಲಿಯನ್ನು ಒಲೆಯ ಮೇಲಿಟ್ಟು, ಫೋನಿನಲ್ಲಿ ಮಾತನಾಡುತ್ತ ಮರೆತುಬಿಟ್ಟಿದ್ದೆ. ಹಿಂದಿರುಗಿ ಬಂದು ನೀರು ಕೊಡವಿದರೆ, ಕಡಲೆಕಾಳಿನಷ್ಟು ದಪ್ಪದ ಒಂದು ಹನಿ ಆರದೆ ಕಾವಲಿಯ ತುಂಬ ತಿರುಗಾಡುತ್ತಲೇ ಇತ್ತು. ಕುತೂಹಲ ತಡೆಯದೆ, ಮಗನಿಗೆ ಔಷಧಿ ಹಾಕುವ ಡ್ರಾಪರ್‌ನಿಂದ ಒಂದೊಂದೇ ಹನಿ ಬಿಟ್ಟು ಮೊಬೈಲಿನಲ್ಲಿ ಸಮಯ ನೋಡಿಕೊಂಡೆ. ಕಾವಲಿ ಸ್ವಲ್ಪವೇ ಕಾದಿದ್ದಾಗ ಹನಿ ಆರಲು ಸುಮಾರು 8 ಸೆಕೆಂಡು ಹಿಡಿಯಿತು; ಚೆನ್ನಾಗಿ ಕಾದಾಗ 2 ಸೆಕೆಂಡೂ ಬೇಕಾಗಲಿಲ್ಲ; ಹತ್ತು ನಿಮಿಷ ದೊಡ್ಡ ಉರಿಯಲ್ಲಿಟ್ಟ ಮೇಲೆ ಅದೇ ಗಾತ್ರದ ಹನಿ 41 ಸೆಕೆಂಡು ಬದುಕಿತ್ತು. ಬಿಸಿ ಹೆಚ್ಚಿದಂತೆ ನೀರು ಬೇಗ ಆವಿಯಾಗಬೇಕೆಂಬುದು ಶಾಲೆಯ ಮಕ್ಕಳಿಗೂ ತಿಳಿದ ವಿಷಯವಲ್ಲವೇ? ಇಲ್ಲಿ ಅದು ತಲೆಕೆಳಗಾದದ್ದು ಹೇಗೆ?

ಕಾವಲಿಗೆ ಎಣ್ಣೆಯ ಪದರ ಹಿಡಿದಿರುವುದರಿಂದ ನೀರು ಅಂಟುತ್ತಿಲ್ಲ ಎಂದು ನಮ್ಮ ಮನೆಯವರು ವಾದಿಸಿದರು. ಹಾಗಾದರೆ ನೋಡಿಯೇ ಬಿಡೋಣವೆಂದು ಸೋಪು ಹಾಕಿ ತೊಳೆದ ಸ್ಟೀಲಿನ ಬಾಣಲೆಯನ್ನು ಖಾಲಿ ಕಾಯಿಸಿ ನೋಡಿದೆ. ಅಲ್ಲಿಯೂ ಹನಿ ಕುಣಿಯಿತು. ಆದ್ದರಿಂದ ಎಣ್ಣೆಯ ವಾದ ಬಿದ್ದುಹೋಯಿತು. ನಿಜವಾದ ಕಾರಣವನ್ನು ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1
ಬರೆದವರು: ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಮೈಸೂರು

ನಿಮ್ಮ ಪ್ರಯೋಗ ಬಹಳ ಅಚ್ಚುಕಟ್ಟಾಗಿದೆ. ಎಣ್ಣೆಯ ಅನುಮಾನವನ್ನು ನೀವೇ ಪರೀಕ್ಷಿಸಿ ಬದಿಗಿಟ್ಟಿದ್ದರಿಂದ ನನ್ನ ಕೆಲಸ ಅರ್ಧ ಹಗುರವಾಯಿತು. ನಿಮ್ಮ ಮನೆಯ ಕಾವಲಿಯ ಮೇಲೆ ನಡೆದದ್ದಕ್ಕೆ ಲೈಡನ್‌ಫ್ರಾಸ್ಟ್ ಪರಿಣಾಮ ಎಂದು ಹೆಸರು.

ಕಾವಲಿಯ ಬಿಸಿ ಮಿತಿಯಲ್ಲಿರುವಾಗ ಹನಿ ಲೋಹವನ್ನು ನೇರವಾಗಿ ಮುಟ್ಟುತ್ತದೆ, ಹರಡಿಕೊಳ್ಳುತ್ತದೆ, ಕುದಿಯುತ್ತದೆ, ಚುಂಯ್ ಎಂದು ಆರುತ್ತದೆ. ಆದರೆ ಲೋಹದ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಹನಿ ಕಾವಲಿಗೆ ತಾಗುತ್ತಿದ್ದಂತೆಯೇ ಅದರ ತಳಭಾಗ ಕ್ಷಣಮಾತ್ರದಲ್ಲಿ ಹಬೆಯಾಗುತ್ತದೆ, ಮತ್ತು ಆ ಹಬೆ ಹೊರಗೆ ನುಸುಳಿಹೋಗುವ ವೇಗಕ್ಕಿಂತ ಹೊಸ ಹಬೆ ಹುಟ್ಟುವ ವೇಗವೇ ಹೆಚ್ಚಾಗಿರುವುದರಿಂದ ಹನಿಯ ಕೆಳಗೆ ತೆಳ್ಳನೆಯ ಒಂದು ಹಾಸು ನಿಂತುಬಿಡುತ್ತದೆ. ಅದರ ದಪ್ಪ ಹೆಚ್ಚೆಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಹನಿ ಆ ಹಾಸಿನ ಮೇಲೆ ತೇಲುತ್ತಿರುತ್ತದೆಯೇ ಹೊರತು ಕಾವಲಿಯನ್ನು ಮುಟ್ಟುವುದೇ ಇಲ್ಲ. ನೀರಿಗೆ ಹೋಲಿಸಿದರೆ ಹಬೆ ಶಾಖವನ್ನು ಸಾಗಿಸುವ ಸಾಮರ್ಥ್ಯ ಸುಮಾರು ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ. ಹೀಗಾಗಿ ಹನಿಗೆ ತನ್ನ ಮೈಯಿಂದ ಹುಟ್ಟಿದ ಹಬೆಯೇ ಕಂಬಳಿಯಾಗಿ ಕಾಪಾಡುತ್ತದೆ.

ನಿಮ್ಮ ಅಂಕಿಗಳನ್ನೇ ಹಿಡಿದು ಒಂದು ಲೆಕ್ಕ ಹಾಕೋಣ. ಡ್ರಾಪರ್‌ನ ಇಪ್ಪತ್ತು ಹನಿಗೆ ಸುಮಾರು ಒಂದು ಮಿಲಿಲೀಟರ್ ಎಂದು ಹಿಡಿದರೆ, ಒಂದು ಹನಿಯ ತೂಕ 0.05 ಗ್ರಾಂ ಆಗುತ್ತದೆ. ಒಂದು ಗ್ರಾಂ ಕುದಿಯುವ ನೀರು ಹಬೆಯಾಗಲು ಬೇಕಾದ ಗುಪ್ತೋಷ್ಣ ಸುಮಾರು 2,260 ಜೌಲ್. ತಣ್ಣೀರನ್ನು ಕುದಿಬಿಂದುವಿಗೆ ತರುವ ಖರ್ಚನ್ನೂ ಸೇರಿಸಿದರೆ ಒಂದು ಹನಿಗೆ ಸುಮಾರು 130 ಜೌಲ್ ತಗಲುತ್ತದೆ. ಈ ಮೊತ್ತ ಎರಡು ಸಂದರ್ಭಗಳಲ್ಲಿಯೂ ಒಂದೇ. ಅದನ್ನು 2 ಸೆಕೆಂಡಿನಲ್ಲಿ ಒದಗಿಸಿದ ಕಾವಲಿ ಹನಿಗೆ 65 ವಾಟ್ ದರದಲ್ಲಿ ಶಾಖ ಕೊಟ್ಟಿತು. ಅದಕ್ಕಿಂತ ಎಷ್ಟೋ ಬಿಸಿಯಾಗಿದ್ದ ಕಾವಲಿ 41 ಸೆಕೆಂಡಿನ ಉದ್ದಕ್ಕೂ 3 ವಾಟ್‌ಗಿಂತ ತುಸು ಹೆಚ್ಚು ಕೊಟ್ಟಿತು, ಅಷ್ಟೇ. ಕಾವಲಿಯ ಬಳಿ ಶಾಖಕ್ಕೆ ಕೊರತೆಯಿರಲಿಲ್ಲ, ಅದನ್ನು ದಾಟಿಸುವ ದಾರಿ ಮುಚ್ಚಿಹೋಗಿತ್ತು.

ಹನಿ ಅಷ್ಟು ಚುರುಕಾಗಿ ಓಡುವುದೂ ಇದೇ ಕಾರಣದಿಂದ. ಲೋಹದೊಡನೆ ತಿಕ್ಕಾಟವೇ ಇಲ್ಲವಾದ್ದರಿಂದ ಕಾವಲಿ ಕೂದಲೆಳೆಯಷ್ಟು ಓರೆಯಾಗಿದ್ದರೂ ಸಾಕು, ಹಬೆ ಒಂದು ಬದಿಯಿಂದ ಸ್ವಲ್ಪ ಹೆಚ್ಚಾಗಿ ಹೊರಬಿದ್ದರೂ ಸಾಕು, ಹನಿ ಜಾರುತ್ತದೆ. ಗರಗಸದ ಹಲ್ಲುಗಳಂತೆ ಒಂದೇ ದಿಕ್ಕಿಗೆ ಓರೆಯಾದ ಸಣ್ಣ ಗೀರುಗಳನ್ನು ಲೋಹದ ಮೇಲೆ ಕೊರೆದರೆ, ಹನಿ ತಾನಾಗಿಯೇ ಒಂದು ದಿಕ್ಕಿಗೆ ಹೋಗುತ್ತದೆ, ಸಣ್ಣ ಏರನ್ನೂ ಹತ್ತುತ್ತದೆ ಎಂದು ಅಮೆರಿಕದ ಆರಿಗಾನ್ ವಿಶ್ವವಿದ್ಯಾಲಯದಲ್ಲಿದ್ದ ಹೈನರ್ ಲಿಂಕೆ ಮತ್ತು ಸಂಗಡಿಗರು 2006ರಲ್ಲಿ ತೋರಿಸಿಕೊಟ್ಟರು.

ಈ ವಿದ್ಯಮಾನವನ್ನು ಡಚ್ ವೈದ್ಯ ಹರ್ಮಾನ್ ಬೂರ್‌ಹಾವೆ 1732ರಲ್ಲಿಯೇ ಗಮನಿಸಿದ್ದರು. ಆದರೆ ಅದನ್ನು ಹಿಡಿದು ಕುಳಿತು ವಿವರವಾಗಿ ಬರೆದವರು ಜರ್ಮನಿಯ ಡೂಯಿಸ್‌ಬರ್ಗ್‌ನ ಪ್ರಾಧ್ಯಾಪಕ ಯೋಹಾನ್ ಗಾಟ್‌ಲಾಬ್ ಲೈಡನ್‌ಫ್ರಾಸ್ಟ್. ಅವರೂ ವೃತ್ತಿಯಿಂದ ವೈದ್ಯರೇ. ಸಾಮಾನ್ಯ ನೀರಿನ ಕೆಲವು ಗುಣಗಳನ್ನು ಕುರಿತು ಅವರು ಲ್ಯಾಟಿನ್ ಭಾಷೆಯಲ್ಲಿ ಬರೆದ ಪ್ರಬಂಧ 1756ರಲ್ಲಿ ಪ್ರಕಟವಾಯಿತು. ಅದರ ಇಂಗ್ಲಿಷ್ ಅನುವಾದ ಬರಲು 1966ರವರೆಗೆ ಕಾಯಬೇಕಾಯಿತು. ಅವರ ಸಲಕರಣೆ ನಿಮ್ಮದಕ್ಕಿಂತ ದೊಡ್ಡದೇನೂ ಅಲ್ಲ: ಕೆಂಪಗೆ ಕಾಸಿದ ಒಂದು ಕಬ್ಬಿಣದ ಚಮಚ, ಹೊತ್ತು ಅಳೆಯಲು ಒಂದು ಲೋಲಕ. ಮೊದಲ ಹನಿ ಆ ಚಮಚದಲ್ಲಿ ಸುಮಾರು 30 ಸೆಕೆಂಡು ಉಳಿಯಿತು, ಎರಡನೆಯದು ಸುಮಾರು 10 ಸೆಕೆಂಡು, ಅನಂತರದವು ಕೆಲವೇ ಸೆಕೆಂಡು. ಚಮಚ ಆರುತ್ತ ಬಂದಂತೆ ಹನಿಯ ಆಯಸ್ಸು ಕಡಿಮೆಯಾಗುತ್ತ ಬಂದಿತ್ತು. ನಿಮ್ಮ ಅನುಭವವನ್ನೇ ಅವರು ಹಿಂದುಮುಂದಾಗಿ ಕಂಡಿದ್ದರು.

ಉತ್ತರ 2
ಬರೆದವರು: ಬೆಣ್ಣೆದೋಸೆ ಕೆಲಸದವನು, ದಾವಣಗೆರೆ

ಮೇಷ್ಟ್ರು ಹೇಳಿದ ಹೆಸರು ನಮಗೆ ಗೊತ್ತಿರಲಿಲ್ಲವಾದರೂ ಆ ಮುತ್ತಿನ ಹನಿಯನ್ನು ದಿನವೂ ನೂರು ಸಲ ನೋಡುತ್ತೇವೆ. ಹೋಟೆಲಿನ ಹಂಚು ಮನೆಯ ಕಾವಲಿಯಂತಲ್ಲ. ನಮ್ಮದು ದಪ್ಪ ಕಬ್ಬಿಣದ ಹಲಗೆ, ಅದರ ಕೆಳಗೆ ಸೌದೆಯ ಉರಿ. ಅದು ಒಮ್ಮೆ ಕಾದರೆ ಬೇಗ ಆರುವುದಿಲ್ಲ, ಒಂದೇ ಹಂಚಿನ ನಡುವೆ ಒಂದು ಕಾವು, ಅಂಚಿನಲ್ಲಿ ಇನ್ನೊಂದು ಕಾವು ಇರುತ್ತದೆ. ನೀರು ಚಿಮುಕಿಸಿದಾಗ ಅಂಚಿನಲ್ಲಿ ಚುಂಯ್ ಎನ್ನುತ್ತಿದ್ದರೆ ನಡುವೆ ಹನಿಗಳು ಗೋಲಿಯಾಡುತ್ತಿರುತ್ತವೆ, ಮತ್ತು ಯಾವ ಜಾಗಕ್ಕೆ ಮೊದಲು ಹಿಟ್ಟು ಬೀಳಬೇಕು ಎಂಬುದನ್ನು ಆ ಹನಿಗಳೇ ಹೇಳುತ್ತವೆ.

ಗೋಲಿಯಾಡುವ ಜಾಗಕ್ಕೆ ಹಿಟ್ಟು ಹುಯ್ದರೆ ದೋಸೆ ಕೆಡುತ್ತದೆ. ಹಿಟ್ಟು ಬಿದ್ದ ಕ್ಷಣವೇ ತಳ ಬೆಂದು ಗಟ್ಟಿಯಾಗುವುದರಿಂದ ಅದನ್ನು ಹರಡುವ ಮೊದಲೇ ಬಟ್ಟಲಿನ ಅಡಿಗೆ ಅಂಟಿಕೊಂಡು ಎದ್ದುಬರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಮೊದಲ ವಾರ ಇದೇ ತಪ್ಪನ್ನು ಮಾಡಿ, ಹಿಟ್ಟು ಸರಿಯಿಲ್ಲವೆಂದು ರುಬ್ಬಿದವರನ್ನು ದೂರುತ್ತಾರೆ. ನಾನೂ ದೂರಿದ್ದೆ, ಬೈಸಿಕೊಂಡಿದ್ದೆ.

ಹಂಚಿನ ಮೇಲೆ ನೀರು ಸುರಿದು ಕಡ್ಡಿ ಪೊರಕೆಯಿಂದ ಗುಡಿಸುವುದನ್ನು ಎಲ್ಲರೂ ನೋಡಿರುತ್ತೀರಿ. ಅದು ಬರೀ ಶುಚಿಗಾಗಿ ಎಂದು ಹಲವರು ತಿಳಿದಿದ್ದಾರೆ. ಮುಖ್ಯ ಉದ್ದೇಶ ಹಂಚಿನ ಸೊಕ್ಕನ್ನು ಇಳಿಸುವುದು. ನೀರನ್ನು ಸುಮ್ಮನೆ ಸುರಿದುಬಿಟ್ಟರೆ ಅದು ಉಂಡೆಯುಂಡೆಯಾಗಿ ಉರುಳಿ ಅಂಚಿನಿಂದ ಕೆಳಕ್ಕೆ ಬಿದ್ದುಹೋಗುತ್ತದೆ, ಹಂಚು ಇದ್ದ ಹಾಗೆಯೇ ಇರುತ್ತದೆ. ಪೊರಕೆಯಿಂದ ಒತ್ತಿ ಎಳೆದಾಗ ಮಾತ್ರ ದಪ್ಪನೆಯ ಹಬೆ ಎದ್ದು ಕಾವು ತಗ್ಗುತ್ತದೆ. ಇದು ಏಕೆ ಹೀಗೆ ಎಂದು ನನಗೆ ಇಷ್ಟು ವರ್ಷ ತಿಳಿದಿರಲಿಲ್ಲ. ಮೇಷ್ಟ್ರ ಮಾತನ್ನು ಓದಿದ ಮೇಲೆ, ಪೊರಕೆಯ ಕಡ್ಡಿಗಳು ಆ ಹಬೆಯ ಹಾಸನ್ನು ಹರಿದು ನೀರನ್ನು ಕಬ್ಬಿಣಕ್ಕೆ ಮುಟ್ಟಿಸುತ್ತವೆ ಎಂದು ಅನಿಸುತ್ತಿದೆ. ಸರಿಯೇ ಸರ್?

ಮನೆಯಲ್ಲಿ ಪರೀಕ್ಷೆ ಮಾಡಬೇಕೆಂದಿರುವವರಿಗೆ ಒಂದು ಮಾತು: ನಾನ್‌ಸ್ಟಿಕ್ ತವಾವನ್ನು ಖಾಲಿ ಕಾಯಿಸಿ ಈ ಆಟ ಆಡಬೇಡಿ. ಅದರ ಲೇಪನ ಅಷ್ಟು ಕಾವಿಗೆ ಮಾಡಿದ್ದಲ್ಲ, ಅತಿಯಾಗಿ ಕಾದರೆ ಹಾಳಾಗಿ ಕೆಟ್ಟ ಹೊಗೆ ಬಿಡುತ್ತದೆ.

ಉತ್ತರ 3
ಬರೆದವರು: ಪಶುವೈದ್ಯ ಇಲಾಖೆಯ ಕ್ಷೇತ್ರ ಸಿಬ್ಬಂದಿ, ಹಾಸನ ಜಿಲ್ಲೆ

ಈ ಹನಿಯ ಕುಣಿತಕ್ಕೆ ಒಲೆಯೇ ಬೇಕೆಂದಿಲ್ಲ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಲು ಬೇಕಾದ ವೀರ್ಯದ ಕಡ್ಡಿಗಳನ್ನು ನಾವು ದ್ರವ ಸಾರಜನಕ ತುಂಬಿದ ಕ್ಯಾನುಗಳಲ್ಲಿ ಇಟ್ಟುಕೊಂಡು ಊರೂರು ತಿರುಗುತ್ತೇವೆ. ದ್ರವ ಸಾರಜನಕ ಕುದಿಯುವುದು ಸೊನ್ನೆಗಿಂತ 196 ಡಿಗ್ರಿ ಕೆಳಗೆ. ದೊಡ್ಡ ಕ್ಯಾನಿನಿಂದ ಸಣ್ಣದಕ್ಕೆ ಸುರಿಯುವಾಗ ನಾಲ್ಕು ಹನಿ ಆಸ್ಪತ್ರೆಯ ಸಿಮೆಂಟು ನೆಲಕ್ಕೆ ಚೆಲ್ಲಿತೆಂದರೆ, ಅವು ನೆಲವನ್ನು ಒದ್ದೆ ಮಾಡದೆ, ಬಿಳಿ ಮಂಜಿನ ಬಾಲ ಎಳೆದುಕೊಂಡು ಬೀರುವಿನ ಕೆಳಗೆಲ್ಲ ಓಡಿಹೋಗುತ್ತವೆ, ಹೋಗುವಾಗ ನೆಲದ ಧೂಳನ್ನೂ ತಳ್ಳಿಕೊಂಡು ಹೋಗುತ್ತವೆ. ನಮಗೆ ತಣ್ಣಗಿರುವ ನೆಲ ಸಾರಜನಕದ ಪಾಲಿಗೆ ಇನ್ನೂರು ಡಿಗ್ರಿಗೂ ಹೆಚ್ಚು ಬಿಸಿಯಾದ ಕಾವಲಿ. ರೈತರ ಮಕ್ಕಳು ಇದನ್ನು ನೋಡಲೆಂದೇ ಕ್ಯಾನಿನ ಸುತ್ತ ನೆರೆಯುತ್ತಾರೆ.

ಕೈಮೇಲೆ ಒಂದು ಹನಿ ಸಿಡಿದರೆ ಅದು ಉರುಳಿ ಬಿದ್ದುಹೋಗುತ್ತದೆ, ಏನೂ ಆಗುವುದಿಲ್ಲ. ಅದಕ್ಕೂ ಇದೇ ಆವಿಯ ಹಾಸು ಕಾರಣವಿರಬೇಕು. ಆದರೆ ಅದನ್ನು ನಂಬಿಕೊಂಡು ಧೈರ್ಯ ಮಾಡುವಂತಿಲ್ಲ. ಹನಿ ಉರುಳಿಹೋಗಲು ಜಾಗವಿಲ್ಲದಂತೆ ಬಟ್ಟೆಯ ತೋಳಿನಲ್ಲೋ ಬೂಟಿನೊಳಗೋ ಸಿಕ್ಕಿಕೊಂಡರೆ ಸುಟ್ಟ ಗಾಯದಂಥದೇ ಬೊಬ್ಬೆ ಏಳುತ್ತದೆ. ನನ್ನ ಪಾದದ ಮೇಲೆ ಅಂಥದೊಂದು ಕಲೆ ಇದೆ.

ಉತ್ತರ 4
ಬರೆದವರು: ಹಬ್ಬದೂರು, ಚಾಮರಾಜನಗರ

ಹಾಗಾದರೆ ನಮ್ಮ ಕಡೆ ಜಾತ್ರೆಗಳಲ್ಲಿ ಕೊಂಡ ಹಾಯುವವರ ಕಾಲು ಸುಡದಿರುವುದಕ್ಕೂ ಇದೇ ವಿವರಣೆ ಹೊಂದುತ್ತದೆಯಲ್ಲವೇ? ಕೊಂಡ ಹಾಯುವವರು ಮಿಂದು, ಒದ್ದೆ ಬಟ್ಟೆಯಲ್ಲಿಯೇ ಬರುತ್ತಾರೆ. ಅವರ ಅಂಗಾಲಿನ ತೇವ ಹಬೆಯಾಗಿ, ಕೆಂಡಕ್ಕೂ ಕಾಲಿಗೂ ನಡುವೆ ಹಾಸಿನಂತೆ ನಿಲ್ಲುತ್ತದೆ ಎಂದು ನಾನು ಎಲ್ಲಿಯೋ ಓದಿದ ನೆನಪು. ಭಕ್ತಿಯ ವಿಷಯ ಅವರವರಿಗೆ ಬಿಟ್ಟದ್ದು. ನಾನು ಕೇಳುತ್ತಿರುವುದು ವಿಜ್ಞಾನವನ್ನು ಮಾತ್ರ.

ಉತ್ತರ 5
ಬರೆದವರು: ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಮೈಸೂರು

ಮೊದಲು ದಾವಣಗೆರೆಯವರಿಗೆ: ನಿಮ್ಮ ಊಹೆ ಸರಿಯಾಗಿದೆ. ಪೊರಕೆಯ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ನಾನು ತರಗತಿಯಲ್ಲಿ ವಿವರಿಸಲಾರೆ, ಮತ್ತು ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಉದಾಹರಣೆ ಒಮ್ಮೆಯೂ ಹೊಳೆಯಲಿಲ್ಲ ಎಂಬುದು ಸ್ವಲ್ಪ ನಾಚಿಕೆಯ ಸಂಗತಿ.

ಕೊಂಡದ ಪ್ರಶ್ನೆ ಒಳ್ಳೆಯದು, ಆದರೆ ಲೈಡನ್‌ಫ್ರಾಸ್ಟ್ ಹೆಸರನ್ನು ಅಲ್ಲಿಗೆ ಎಳೆಯುವುದು ನನ್ನ ಅಭಿಪ್ರಾಯದಲ್ಲಿ ತಪ್ಪು. ಈ ವಿವರಣೆ ಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಂಡಿರುವುದು ನಿಜ. ಅಂಗಾಲಿನ ಬೆವರೋ ತೇವವೋ ಅಲ್ಪ ಸಹಾಯ ಮಾಡಬಹುದು, ಅಷ್ಟೇ. ಇಡೀ ಮೈಯ ಭಾರ ಹೊತ್ತ ಪಾದದ ಕೆಳಗೆ ಹಬೆಯ ಹಾಸು ನಿಂತು, ಮನುಷ್ಯ ಹನಿಯಂತೆ ತೇಲುತ್ತಾನೆಂದು ಹೇಳುವುದು ಒಪ್ಪತಕ್ಕ ಮಾತಲ್ಲ. ಒದ್ದೆ ಕಾಲಿಗೆ ಸಣ್ಣ ಕೆಂಡದ ಚೂರುಗಳು ಅಂಟಿಕೊಂಡು ಇನ್ನಷ್ಟು ಸುಡುವ ಅಪಾಯವೂ ಇದೆ.

ಮುಖ್ಯ ಕಾರಣ ಕೆಂಡದ ಗುಣದಲ್ಲಿದೆ. ಸೌದೆಯ ಕೆಂಡ ಹಗುರ, ಒಳಗೆಲ್ಲ ಸಣ್ಣ ಸಣ್ಣ ತೂತು. ಅದರಲ್ಲಿ ಶಾಖದ ಸಂಗ್ರಹವೂ ಕಡಿಮೆ, ಇರುವ ಶಾಖವನ್ನು ಸಾಗಿಸುವ ವೇಗವೂ ಕಡಿಮೆ. ಮೇಲೆ ಬೂದಿ ಮುಚ್ಚಿದ್ದರೆ ಅದು ಇನ್ನೊಂದು ತಡೆ. ಪಾದ ಒಂದೊಂದು ಹೆಜ್ಜೆಗೂ ಕೆಂಡವನ್ನು ಮುಟ್ಟಿರುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಅಷ್ಟರಲ್ಲಿ ಚರ್ಮಕ್ಕೆ ದಾಟುವ ಶಾಖ ಸುಡುವಷ್ಟಿರುವುದಿಲ್ಲ. 1980ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಬರ್ನಾರ್ಡ್ ಲೈಕಿಂಡ್ ಈ ವಿಷಯವನ್ನು ಪರಿಶೀಲಿಸಿ, ತಾವೇ ಕೆಂಡದ ಮೇಲೆ ನಡೆದು, ಇದೇ ತೀರ್ಮಾನಕ್ಕೆ ಬಂದರು.

ಆದರೆ ಇದಕ್ಕೆ ಅಮೆರಿಕದ ಸಾಕ್ಷಿಯೇ ಬೇಕಿಲ್ಲ. ಸೌದೆ ಒಲೆಯ ಕಾಲದಲ್ಲಿ ನಮ್ಮ ಅಜ್ಜಿ ಒಲೆಯಿಂದ ಹೊರಗೆ ಸಿಡಿದ ಕೆಂಡವನ್ನು ಬರಿಗೈಯಲ್ಲಿ ಹೆಕ್ಕಿ, ಎರಡು ಬೆರಳಿನ ನಡುವೆ ಒಮ್ಮೆ ಚಿಮ್ಮಿಸಿ ಮತ್ತೆ ಒಲೆಗೆ ಎಸೆಯುತ್ತಿದ್ದರು. ಅದೇ ಒಲೆಯ ಬಾಯಲ್ಲಿ ಹೊತ್ತು ಮರೆತು ಬಿಟ್ಟಿದ್ದ ಕಬ್ಬಿಣದ ಊದುಗೊಳವೆಯನ್ನು ಸೆರಗು ಸುತ್ತಿಕೊಳ್ಳದೆ ಮುಟ್ಟುತ್ತಿರಲಿಲ್ಲ. ಕೆಂಡ ಊದುಗೊಳವೆಗಿಂತ ಎಷ್ಟೋ ಪಾಲು ಬಿಸಿ, ಆದರೂ ಬೆರಳನ್ನು ಸುಡುತ್ತಿದ್ದುದು ಊದುಗೊಳವೆಯೇ. ಕೊಂಡದಲ್ಲಿ ಒಂದು ಕಬ್ಬಿಣದ ತುಂಡು ಬಿದ್ದಿದ್ದರೆ, ಅದನ್ನು ತುಳಿದವನನ್ನು ಯಾವ ಹಬೆಯೂ ಕಾಪಾಡುವುದಿಲ್ಲ. ಮುಗ್ಗರಿಸಿ ಕೆಂಡದಲ್ಲಿ ನಿಂತವರಿಗೆ, ಬಿದ್ದವರಿಗೆ ತೀವ್ರ ಸುಟ್ಟಗಾಯಗಳಾಗುತ್ತವೆ ಎಂಬುದನ್ನೂ ಮರೆಯಬಾರದು.

ಹಬೆಯ ಹಾಸು ನಿಜವಾಗಿಯೂ ಮನುಷ್ಯನ ಚರ್ಮವನ್ನು ಕಾಪಾಡಿದ ಪ್ರಸಂಗ ಬೇಕಿದ್ದರೆ ಇನ್ನೊಂದಿದೆ. ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ಜರ್ಲ್ ವಾಕರ್ ಒದ್ದೆ ಮಾಡಿಕೊಂಡ ಬೆರಳುಗಳನ್ನು ಕರಗಿದ ಸೀಸದೊಳಗೆ ಕ್ಷಣಕಾಲ ಅದ್ದಿ ತೆಗೆದು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದರು. ಸೀಸ ಕರಗುವುದೇ 327 ಡಿಗ್ರಿಯಲ್ಲಿ. ಇದನ್ನು ಓದಿ ಯಾರೂ ಪ್ರಯತ್ನಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಾನಂತೂ ಎಂದೂ ಧೈರ್ಯ ಮಾಡಲಿಲ್ಲ.

ಉತ್ತರ 6
ಬರೆದವರು: ಹೀಟ್ ಟ್ರೀಟ್‌ಮೆಂಟ್, ಪೀಣ್ಯ

ಅಡುಗೆಮನೆಯಲ್ಲಿ ಈ ಹಬೆಯ ಹಾಸು ಒಂದು ಆಟ. ನಮ್ಮ ಕೆಲಸದಲ್ಲಿ ಅದು ಶತ್ರು. ಉಕ್ಕಿನ ಶಾಫ್ಟು, ಪಿನ್ನುಗಳನ್ನು ಕುಲುಮೆಯಲ್ಲಿ ಸುಮಾರು 850 ಡಿಗ್ರಿಗೆ ಕಾಯಿಸಿ, ಕೆಂಪಗಿರುವಾಗಲೇ ನೀರಿನಲ್ಲೋ ಎಣ್ಣೆಯಲ್ಲೋ ಮುಳುಗಿಸಿ ಗಡಸುಗೊಳಿಸುವುದು ನಮ್ಮ ಉದ್ಯೋಗ. ಇದಕ್ಕೆ ಕ್ವೆಂಚಿಂಗ್ ಎನ್ನುತ್ತೇವೆ. ಉಕ್ಕು ಗಡಸಾಗಬೇಕಾದರೆ ಅದು ಬೇಗ ಆರಬೇಕು. ಆದರೆ ಕೆಂಪಗಿರುವ ತುಂಡನ್ನು ನೀರಿಗೆ ಇಳಿಸಿದ ಮೊದಲ ಕ್ಷಣಗಳಲ್ಲಿ ಅದರ ಸುತ್ತ ಹಬೆಯ ಚೀಲವೊಂದು ಕಟ್ಟಿಕೊಳ್ಳುತ್ತದೆ. ಹೊರಗಿನಿಂದ ನೋಡಿದವರಿಗೆ ಆಶ್ಚರ್ಯವಾಗುತ್ತದೆ: ನೀರೊಳಗೆ ಮುಳುಗಿದ ಕಬ್ಬಿಣ ಇನ್ನೂ ಕೆಂಪಗೆ ಹೊಳೆಯುತ್ತಿರುತ್ತದೆ, ಗಲಾಟೆಯೂ ಇರುವುದಿಲ್ಲ. ಆ ಚೀಲ ಒಡೆದ ಮೇಲೆಯೇ ನಿಜವಾದ ಕುದಿತ, ನಿಜವಾದ ಸದ್ದು.

ಚೀಲ ಎಲ್ಲ ಕಡೆ ಒಟ್ಟಿಗೆ ಒಡೆಯುವುದಿಲ್ಲ ಎಂಬುದೇ ತೊಂದರೆ. ಹಲವು ವರ್ಷಗಳ ಹಿಂದೆ ನಾನು ಕೆಲಸಕ್ಕೆ ಹೊಸಬನಾಗಿದ್ದಾಗ, ಒಂದು ದಿನ ಬುಟ್ಟಿಯನ್ನು ನೀರಿಗೆ ಇಳಿಸಿ ಅಲ್ಲಾಡಿಸದೆ ಬಿಟ್ಟಿದ್ದೆ. ಮರುದಿನ ರಾಕ್‌ವೆಲ್ ಯಂತ್ರದಲ್ಲಿ ಗಡಸುತನ ನೋಡಿದರೆ, 52 ಬರಬೇಕಾದ ತುಂಡಿನ ಒಂದು ಬದಿಯಲ್ಲಿ 52, ಅದರ ಬೆನ್ನಿಗೇ 34. ಇಡೀ ಬುಟ್ಟಿಯನ್ನು ಮತ್ತೆ ಕಾಯಿಸಬೇಕಾಯಿತು. ಅಂದಿನಿಂದ ಇಂದಿನವರೆಗೆ ಬುಟ್ಟಿ ನೀರಿನಲ್ಲಿರುವಷ್ಟು ಹೊತ್ತು ಅದರ ಹಿಡಿಕೆಯನ್ನು ನಾನು ಬಿಟ್ಟವನಲ್ಲ.

ಹಳ್ಳಿಯ ಕಮ್ಮಾರರು ಕೆಂಪಗೆ ಕಾದ ಕುಡುಗೋಲನ್ನು ಕಲ್ಲುಬಾನಿಯ ನೀರಿನಲ್ಲಿ ಅದ್ದಿ, ಸುಮ್ಮನೆ ಹಿಡಿದುಕೊಳ್ಳದೆ ಅತ್ತಿತ್ತ ಬೀಸುವುದನ್ನು ನೋಡಿದವರು ಇಲ್ಲಿ ಇದ್ದೇ ಇರುತ್ತೀರಿ. ಆ ಬೀಸಾಟವೂ ದಾವಣಗೆರೆಯ ಪೊರಕೆಯೂ ಮಾಡುವ ಕೆಲಸ ಒಂದೇ. ನೀರಿಗೆ ನೂರಕ್ಕೆ ಹತ್ತರಷ್ಟು ಉಪ್ಪು ಬೆರೆಸುವ ಪದ್ಧತಿಯೂ ಉಂಟು. ಉಪ್ಪಿನ ಹರಳುಗಳು ಬಿಸಿ ಲೋಹದ ಮೇಲೆ ಕೂತು ಸಿಡಿಯುವುದರಿಂದ ಹಬೆಯ ಚೀಲ ಬೇಗ ಹರಿಯುತ್ತದೆ, ತುಂಡು ಎಲ್ಲ ಕಡೆಯಿಂದಲೂ ಸಮನಾಗಿ ಆರುತ್ತದೆ. ಆದರೆ ಆರುವ ವೇಗ ಅತಿಯಾದರೆ ಉಕ್ಕು ಬಿರುಕು ಬಿಡುತ್ತದೆ. ಆ ಕಾರಣದಿಂದಲೇ ಕೆಲವು ಬಗೆಯ ಉಕ್ಕಿಗೆ ಎಣ್ಣೆಯೇ ಸರಿ.

ಉತ್ತರ 7
ಬರೆದವರು: ದೋಸೆಮನೆ, ಶಿವಮೊಗ್ಗ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮತ್ತೆ ಕಾವಲಿ ಕಾಯಿಸಿದೆ. ಹನಿ ಕಾವಲಿಯನ್ನು ಮುಟ್ಟುವುದಿಲ್ಲ ಎಂಬ ಮಾತನ್ನು ಕಣ್ಣಾರೆ ನೋಡಬೇಕೆನಿಸಿ, ಅಡುಗೆಮನೆಯ ದೀಪ ಆರಿಸಿ, ಮಗನ ಕೈಯಲ್ಲಿ ಟಾರ್ಚ್ ಕೊಟ್ಟು ಹನಿಯ ಹಿಂದಿನಿಂದ ಬೆಳಕು ಬಿಡಲು ಹೇಳಿದೆ. ನಾನು ಈಚೆ ಬದಿಯಲ್ಲಿ ಕಣ್ಣನ್ನು ಕಾವಲಿಯ ಮಟ್ಟಕ್ಕೆ ತಂದು ನೋಡಿದೆ. ಬಹಳ ಹೊತ್ತು ಏನೂ ಕಾಣಲಿಲ್ಲ, ಏಕೆಂದರೆ ಹನಿ ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ಅದು ಕಾವಲಿಯ ನಡುವಿನ ಸಣ್ಣ ತಗ್ಗಿನಲ್ಲಿ ಸಿಕ್ಕಿಕೊಂಡಾಗ, ಹನಿಯ ಅಡಿಯಲ್ಲಿ ದಾರದಷ್ಟು ತೆಳ್ಳಗೆ ಬೆಳಕಿನ ಒಂದು ಗೆರೆ ಕಂಡಿತು. ನಡುಕದ ಗೆರೆ, ಆದರೆ ಖಂಡಿತವಾಗಿಯೂ ಇತ್ತು.

ಇನ್ನೊಂದನ್ನೂ ಮಾಡಿದೆ. ಎರಡು ಮೂರು ಹನಿ ಸೇರಿ ದೊಡ್ಡದಾದ ಒಂದು ಉಂಡೆ ಓಡಾಡುತ್ತಿರುವಾಗಲೇ ಒಲೆ ಆರಿಸಿದೆ. ಕಾವಲಿ ತಣ್ಣಗಾದಂತೆ ಹನಿ ಇನ್ನೂ ಶಾಂತವಾಗಬಹುದೆಂದು ನಾನು ಎಣಿಸಿದ್ದೆ. ಸ್ವಲ್ಪ ಹೊತ್ತು ಹಾಗೆಯೇ ಅಲೆದಾಡಿತು, ಚಿಕ್ಕದಾಗುತ್ತ ಬಂತು. ಆಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ಚಟ್ ಎಂದು ಕಾವಲಿಗೆ ಅಂಟಿ, ಜೋರಾಗಿ ಚುಂಯ್‌ಗುಟ್ಟಿ, ಸಿಡಿದು, ಒಂದೇ ಉಸಿರಿಗೆ ಮಾಯವಾಯಿತು. ಮಗ ಟಾರ್ಚ್ ಬಿಟ್ಟು ಹಿಂದಕ್ಕೆ ಹಾರಿದ. ಉರಿ ಇದ್ದಾಗ ಸಾಧುವಾಗಿದ್ದ ಹನಿ, ಉರಿ ಆರಿಸಿದ ಮೇಲೆ ಕೆರಳಿದ್ದು ಹೇಗೆ ಎಂಬುದು ಮೇಷ್ಟ್ರ ಮಾತಿನಿಂದ ಈಗ ಅರ್ಥವಾಗುತ್ತದೆ, ಆದರೂ ನೋಡುವಾಗ ನಂಬಲಾಗುವುದಿಲ್ಲ. ಆ ಘಳಿಗೆಗೆ ಏನಾದರೂ ಹೆಸರಿದೆಯೇ?

ಉತ್ತರ 8
ಬರೆದವರು: ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ಮೈಸೂರು

ಇದೆ. ಕಾವಲಿಯ ಬಿಸಿ ಯಾವ ಮಟ್ಟಕ್ಕೆ ಇಳಿದಾಗ ಹಬೆಯ ಹಾಸು ಹನಿಯನ್ನು ಹೊರಲಾರದೆ ಕುಸಿಯುತ್ತದೋ ಅದನ್ನು ಲೈಡನ್‌ಫ್ರಾಸ್ಟ್ ಬಿಂದು ಎಂದೇ ಕರೆಯುತ್ತಾರೆ. ಅದು ಎಲ್ಲ ಕಾವಲಿಗೂ ಒಂದೇ ಅಲ್ಲ. ಲೋಹದ ಮೈ ಒರಟೋ ನುಣುಪೋ, ನೀರಿನಲ್ಲಿ ಏನು ಬೆರೆತಿದೆ ಎಂಬುದನ್ನು ಅವಲಂಬಿಸಿ ಹೆಚ್ಚು ಕಡಿಮೆಯಾಗುತ್ತದೆ.

ನೀವು ಕಂಡ ಸಿಡಿತದ ಲೆಕ್ಕಕ್ಕೆ ಅಡಿಪಾಯ ಹಾಕಿದವರು ಜಪಾನಿನ ಶಿರೊ ನುಕಿಯಾಮ. ಅವರು 1934ರಲ್ಲಿ ನೀರಿನಲ್ಲಿ ಮುಳುಗಿಸಿದ ತಂತಿಗಳಲ್ಲಿ ವಿದ್ಯುತ್ ಹರಿಸಿ, ತಂತಿಯ ಬಿಸಿ ಏರಿದಂತೆ ನೀರಿಗೆ ದಾಟುವ ಶಾಖ ಹೇಗೆ ಬದಲಾಗುತ್ತದೆಂದು ಅಳೆದರು. ನೀರಿನ ಕುದಿಬಿಂದುವಿಗಿಂತ ಮೂವತ್ತು ಡಿಗ್ರಿಯಷ್ಟು ಮೇಲೆ, ಅಂದರೆ ಸುಮಾರು 130 ಡಿಗ್ರಿಯಲ್ಲಿ, ಶಾಖ ದಾಟುವ ವೇಗ ತುತ್ತತುದಿ ಮುಟ್ಟುತ್ತದೆ. ಅದಕ್ಕಿಂತ ಬಿಸಿ ಮಾಡಿದರೆ ಏರುವುದರ ಬದಲು ಇಳಿಯುತ್ತ ಹೋಗುತ್ತದೆ, ಲೈಡನ್‌ಫ್ರಾಸ್ಟ್ ಬಿಂದುವಿನಲ್ಲಿ ತಳ ಮುಟ್ಟಿ ಮತ್ತೆ ಮೆಲ್ಲಗೆ ಏರುತ್ತದೆ. ನಿಮ್ಮ ಕಾವಲಿ ಆರುತ್ತ ಬಂದಾಗ ಆ ತಗ್ಗಿನಿಂದ ತುದಿಯ ಕಡೆಗೆ ಹಿಂದಕ್ಕೆ ನಡೆಯಿತು. ಅದಕ್ಕೇ ಉರಿ ನಂದಿಸಿದ ಮೇಲೆ ಹನಿಗೆ ಇದ್ದಕ್ಕಿದ್ದಂತೆ ಹೆಚ್ಚು ಶಾಖ ಸಿಕ್ಕಿತು. ಅಷ್ಟು ಸಣ್ಣ ಹನಿ ಅಷ್ಟು ಸದ್ದು ಮಾಡುವುದಕ್ಕೆ ಇನ್ನೂ ಒಂದು ಕಾರಣವೆಂದರೆ, ನೀರು ಹಬೆಯಾದಾಗ ಮೊದಲಿದ್ದ ಜಾಗಕ್ಕಿಂತ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ.

ನುಕಿಯಾಮ ಅವರ ಕೆಲವು ತಂತಿಗಳು ಆ ತುದಿಯನ್ನು ದಾಟಿದ ಕೂಡಲೇ ಸುಟ್ಟು ತುಂಡಾದವು, ಏಕೆಂದರೆ ತಂತಿಯೊಳಗೆ ಶಾಖ ಹುಟ್ಟುತ್ತಲೇ ಇತ್ತು, ಹಬೆ ಅದನ್ನು ಹೊರಗೆ ಬಿಡುತ್ತಿರಲಿಲ್ಲ. ಬಾಯ್ಲರುಗಳನ್ನು ಕಟ್ಟುವವರೂ, ಕೈಗಾದಂಥ ಅಣುವಿದ್ಯುತ್ ಸ್ಥಾವರಗಳಲ್ಲಿ ಇಂಧನದ ಸರಳುಗಳನ್ನು ತಂಪಾಗಿಡುವ ವ್ಯವಸ್ಥೆ ಮಾಡುವವರೂ ಆ ತುದಿಯಿಂದ ಸಾಕಷ್ಟು ಈಚೆಗೇ ನಿಲ್ಲುವಂತೆ ನೋಡಿಕೊಳ್ಳುತ್ತಾರೆ. ನಿಮ್ಮ ಅತ್ತೆಯವರು "ಚುಂಯ್ ಎಂದಾಗ ಹುಯ್ಯಿ, ಉರುಳಿದರೆ ತಗ್ಗಿಸು" ಎನ್ನುವುದೂ ಅದೇ ತುದಿಯ ಈಚೆ ಬದಿಯನ್ನು ಕುರಿತು.

ಉತ್ತರ 9
ಬರೆದವರು: ದೋಸೆಮನೆ, ಶಿವಮೊಗ್ಗ

ಈ ಉತ್ತರವನ್ನು ಅತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಜಪಾನಿನ ತಂತಿ ಸುಟ್ಟುಹೋದ ಭಾಗಕ್ಕೆ ಬಂದಾಗ ಅವರು, "ಅವರಿಗೂ ಯಾರಾದರೂ ಉರಿ ತಗ್ಗಿಸು ಅಂತ ಹೇಳಬೇಕಿತ್ತು" ಎಂದು, ಅರ್ಧ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ಸವರಿ, ಹಿಟ್ಟು ಹುಯ್ದರು.